ಗಿಡ ಅದಲುಬದಲಿಗೆ ಎಂಟು ವಾರದ ತಯಾರಿ

ಮೊದಲ ಸಲ ಗಿಡ ಅದಲುಬದಲಿಗೆ, ಅಂದರೆ ಗಿಡ ಬೆಳೆಸುವವರು ಸೇರಿ ಗಿಡ ಕೊಟ್ಟು ತಗೊಳ್ಳುವ ಕೂಟಕ್ಕೆ, ಹೊರಟಾಗ ನಾನು ಅವತ್ತು ಬೆಳಗ್ಗೆಯೇ ದಾಸವಾಳದ ಹತ್ತು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದೆ. ಎಲ್ಲರೂ ಖುಷಿಯಿಂದ ತಗೊಂಡರು. ಎರಡು ತಿಂಗಳು ಬಿಟ್ಟು ವಿಚಾರಿಸಿದರೆ ಹತ್ತರಲ್ಲಿ ಉಳಿದಿದ್ದು ಒಂದೇ. ನಾನು ಮನೆಗೆ ತಂದ ಗಿಡಗಳಲ್ಲಿ ಒಂದರ ಎಲೆ ಸಂದಿಯಲ್ಲಿ ಹತ್ತಿಯ ಚೂರಿನಂತಹ ಬಿಳಿ ಚುಕ್ಕೆ ಇತ್ತು. ಹಿಟ್ಟು ತಿಗಣೆ ಅನ್ನುವ ಹುಳ. ಅದು ನನಗೆ ಗೊತ್ತಾಗುವಷ್ಟರಲ್ಲಿ ಹಿತ್ತಲಿನ ಅರ್ಧ ಕುಂಡಗಳಿಗೆ ಹರಡಿತ್ತು.

ಅವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಗಿಡವನ್ನು ಕೈಗೆ ಕೊಟ್ಟರೆ ಕೊಟ್ಟಂತಲ್ಲ. ಅದು ಹೊಸ ಮನೆಯಲ್ಲಿ ಬೇರು ಹಿಡಿದು ಹೊಸ ಎಲೆ ಬಿಟ್ಟಾಗ ಕೊಟ್ಟಂತೆ. ಹಾಗಾಗಿ ಈಗ ಅದಲುಬದಲಿನ ದಿನದಿಂದ ಹಿಂದಕ್ಕೆ ಎಣಿಸಿ, ಎಂಟು ವಾರ ಮೊದಲೇ ಕೆಲಸ ಶುರು ಮಾಡುತ್ತೇನೆ. ಆ ಎಂಟು ವಾರ ಏನೇನು ಮಾಡಬೇಕು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ತಲೆಬರಹದಲ್ಲಿರುವ ವಾರದ ಲೆಕ್ಕವೂ ಹಿಂದಕ್ಕೇ: ಎಂಟನೇ ವಾರ ಅಂದರೆ ಅದಲುಬದಲಿಗೆ ಎಂಟು ವಾರ ಮೊದಲು.

ಎಂಟನೇ ವಾರ: ಹಿತ್ತಲು ಸುತ್ತಿ ಪಟ್ಟಿ ಮಾಡಿ

ಒಂದು ನೋಟ್‌ಬುಕ್ ಹಿಡಿದು ಹಿತ್ತಲು ಸುತ್ತಿ. ಯಾವ ಗಿಡ ಕುಂಡ ತುಂಬಿ ಹೊರಗೆ ಬರುತ್ತಿದೆ? ಯಾವುದನ್ನು ಹೇಗೂ ಸವರಬೇಕು? ಯಾವುದರ ಬುಡದಲ್ಲಿ ಮರಿ ಎದ್ದಿದೆ? ಕೊಡುವುದಕ್ಕೆ ಇವೇ ಸರಿಯಾದ ಗಿಡಗಳು. ಸೊರಗಿದ ಗಿಡವನ್ನು ‘ಯಾರಾದರೂ ಉಳಿಸಿಕೊಳ್ಳಲಿ’ ಅಂತ ಪಟ್ಟಿಗೆ ಸೇರಿಸಬೇಡಿ. ಸೊರಗಲು ಕಾರಣ ಬೇರಿನಲ್ಲೋ ಮಣ್ಣಿನಲ್ಲೋ ಇದ್ದರೆ ಅದೂ ಜೊತೆಯಲ್ಲೇ ಹೋಗುತ್ತದೆ.

ಕೊಡಬಾರದ ಗಿಡಗಳೂ ಇವೆ. ಲಂಟಾನ ಮತ್ತು ನೀರಿನಲ್ಲಿ ತೇಲುವ, ನೇರಳೆ ಹೂವಿನ ಅಂತರಗಂಗೆ (ವಾಟರ್ ಹಯಸಿಂತ್) ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿವೆ. ಹೂ ಎಷ್ಟೇ ಚೆಂದ ಇರಲಿ, ಇಂಥವನ್ನು ಹಂಚಬೇಡಿ. ನಿಂಬೆ, ಕಿತ್ತಳೆ ಜಾತಿಯ ಗಿಡಗಳನ್ನೂ ನಾನು ಕೊಡುವುದಿಲ್ಲ. ಗ್ರೀನಿಂಗ್ ಅನ್ನುವ ರೋಗ ಆ ಜಾತಿಯನ್ನು ಕೊಲ್ಲುತ್ತದೆ, ಅದಕ್ಕೆ ಮದ್ದಿಲ್ಲ, ರೋಗ ತಗುಲಿದ ಗಿಡ ಬಹಳ ಕಾಲ ನೋಡಲು ಚೆನ್ನಾಗಿಯೇ ಇರುತ್ತದೆ. ಹಾಗಾಗಿಯೇ ಹಲವು ಕಡೆ ಈ ಗಿಡಗಳನ್ನು ಸಾಗಿಸುವುದಕ್ಕೆ ಕಾನೂನಿನ ತಡೆ ಇದೆ. ಇನ್ನು ಕೆಲವು ಹೊಸ ತಳಿಗಳ ಮೇಲೆ ಅವನ್ನು ಬೆಳೆಸಿದವರ ಹಕ್ಕು ಇರುತ್ತದೆ. ಗಿಡದ ಜೊತೆ ಬಂದ ಚೀಟಿ ಇನ್ನೂ ಇದ್ದರೆ ಒಮ್ಮೆ ಓದಿ ನೋಡಿ.

ಎಷ್ಟು ಗಿಡ ಬೇಕೋ ಅದರ ಎರಡರಷ್ಟು ಕಡ್ಡಿ ನೆಡಿ. ಅರ್ಧ ಹೋದರೂ ಕೈಯಲ್ಲಿ ಗಿಡ ಇರುತ್ತದೆ.

ಮರಿ ಮಾಡೋ ಪೆಟ್ಟಿಗೆ

ಅದಲುಬದಲಿಗಾಗಿ ನಾನು ಹಿತ್ತಲಲ್ಲಿ ಮಾಡಿಕೊಂಡ ಕೆಲಸಗಳಲ್ಲಿ ಅತಿ ಹೆಚ್ಚು ಪ್ರಯೋಜನಕ್ಕೆ ಬಂದಿದ್ದು ಇದು. ಮುಚ್ಚಳ ಇರುವ, ಆಚೆಯಿಂದ ಒಳಗೆ ಕಾಣುವ ದೊಡ್ಡ ಪ್ಲಾಸ್ಟಿಕ್ ಡಬ್ಬ ಸಾಕು. ಕಡ್ಡಿ ನೆಟ್ಟ ಸಣ್ಣ ಕುಂಡಗಳನ್ನು ಒಳಗಿಟ್ಟು ಮುಚ್ಚಳ ಹಾಕಿದರೆ ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಬೇರಿಲ್ಲದ ಕಡ್ಡಿಗೆ ನೀರು ಎಳೆಯುವ ಶಕ್ತಿ ಕಡಿಮೆ, ಆದರೆ ಎಲೆಯಿಂದ ನೀರು ಆರುತ್ತಲೇ ಇರುತ್ತದೆ. ಗಾಳಿ ತೇವವಾಗಿದ್ದರೆ ಆರುವುದು ನಿಧಾನವಾಗುತ್ತದೆ. ಬೇರು ಬರುವ ತನಕ ಕಡ್ಡಿಯನ್ನು ಜೀವಂತ ಇಡೋದೇ ಇಲ್ಲಿರುವ ಗುಟ್ಟು.

ಇದು ಹಳೆಯ ಉಪಾಯ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟಿದ್ದರು. ಆ ಮಣ್ಣಿನಲ್ಲಿ ತಾನಾಗಿಯೇ ಒಂದು ಜರೀಗಿಡ ಹುಟ್ಟಿತು. ಹೊರಗೆ ಊರಿನ ಕಲ್ಲಿದ್ದಲು ಹೊಗೆಯಲ್ಲಿ ಅವರ ಜರೀಗಿಡಗಳು ಸಾಯುತ್ತಿದ್ದವು, ಸೀಸೆಯೊಳಗಿನದು ಮಾತ್ರ ಬದುಕಿತು. 1833ರಲ್ಲಿ ಅವರು ಇಂಥದ್ದೇ ಗಾಜಿನ ಪೆಟ್ಟಿಗೆಗಳಲ್ಲಿ ಗಿಡ ತುಂಬಿ ಹಡಗಿನಲ್ಲಿ ಸಿಡ್ನಿಗೆ ಕಳಿಸಿದರು. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದೂ ಗಿಡಗಳು ಹಸಿರಾಗಿಯೇ ತಲುಪಿದವು. ನಮ್ಮ ಪ್ಲಾಸ್ಟಿಕ್ ಡಬ್ಬ ಅದರ ಮರಿಮಗು.

ಕುಂಡಕ್ಕೆ ಅರ್ಧ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಪರ್ಲೈಟ್ (ಹಗುರವಾದ ಬಿಳಿ ಹರಳು) ಅಥವಾ ತೊಳೆದ ದಪ್ಪ ಮರಳು ಹಾಕಿ. ಹಿತ್ತಲಿನ ಮಣ್ಣು ಬೇಡ. ಅದು ಗಟ್ಟಿಯಾಗಿ ಕೂರುತ್ತದೆ, ಕೊಳೆರೋಗವೂ ಅದರಲ್ಲಿರಬಹುದು. ಕೊಕೊಪೀಟಿನಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸಿ. ತೇವ ಸರಿಯಿದೆಯಾ ಅಂತ ನೋಡೋಕೆ ಒಂದು ಹಿಡಿ ತಗೊಂಡು ಮುಷ್ಟಿ ಬಿಗಿ ಮಾಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಸುರಿದರೆ ಜಾಸ್ತಿಯಾಯಿತು.

ಪೆಟ್ಟಿಗೆಯನ್ನು ಬೆಳಕು ಚೆನ್ನಾಗಿರುವ ನೆರಳಿನಲ್ಲಿಡಿ. ನೇರ ಬಿಸಿಲು ಬಿದ್ದರೆ ಒಳಗೆ ಕಡ್ಡಿಗಳು ಬೆಂದೇ ಹೋಗುತ್ತವೆ. ದಿನಕ್ಕೆ ಹತ್ತು ನಿಮಿಷ ಮುಚ್ಚಳ ತೆಗೆದು ಗಾಳಿ ಆಡಲು ಬಿಡಿ. ಉದುರಿದ ಎಲೆಗೆ ಬೂಸ್ಟು ಬರುತ್ತದೆ, ಕಂಡಕೂಡಲೇ ಎತ್ತಿಬಿಡಿ.

ಕಡ್ಡಿ ಕತ್ತರಿಸುವ ಬಗೆ

ಬೆಳಗ್ಗೆ ಹೊತ್ತು ಕತ್ತರಿಸಿ. ರಾತ್ರಿಯಿಡೀ ನೀರು ಕುಡಿದ ಕೊಂಬೆ ಆಗ ತುಂಬಿಕೊಂಡಿರುತ್ತದೆ. ಹೂ ಅಥವಾ ಮೊಗ್ಗು ಇಲ್ಲದ ಕೊಂಬೆ ಆರಿಸಿ. ಹೂ ಬಿಡುವ ಕೊಂಬೆ ತನ್ನ ಶಕ್ತಿಯನ್ನು ಬೇರಿಗೆ ಕೊಡುವುದಿಲ್ಲ.

ದಾಸವಾಳ, ಗುಲಾಬಿ, ಕಾಗದದ ಹೂವಿನಂಥ ಗಿಡಗಳಿಗೆ ಪೆನ್ಸಿಲ್ ದಪ್ಪದ, ಬಗ್ಗಿಸಿದರೆ ಸ್ವಲ್ಪ ಬಾಗುವ, ತೀರಾ ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಕೊಂಬೆ ಸರಿ. 10ರಿಂದ 15 ಸೆಂ.ಮೀ. ಉದ್ದ ಸಾಕು. ಕೆಳಗಿನ ತುದಿಯನ್ನು ಗಿಣ್ಣಿನ ಸ್ವಲ್ಪವೇ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲಿನ ತುದಿಯನ್ನು ನೇರವಾಗಿ. ಗಿಣ್ಣು ಅಂದರೆ ಎಲೆ ಹುಟ್ಟುವ ಜಾಗದ ಉಬ್ಬು, ಬೇರು ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ಒಂದು ತುದಿ ಓರೆ, ಇನ್ನೊಂದು ನೇರ ಇದ್ದರೆ ಯಾವುದು ಮೇಲೆ, ಯಾವುದು ಕೆಳಗೆ ಅನ್ನೋ ಗೊಂದಲವೂ ಇಲ್ಲ. ತಲೆಕೆಳಗಾಗಿ ನೆಟ್ಟ ಕಡ್ಡಿ ಬೇರು ಬಿಡುವುದು ಕಷ್ಟ.

ಕೆಳಗಿನ ಎಲೆಗಳನ್ನೆಲ್ಲ ತೆಗೆದು ಮೇಲೆ ಎರಡೋ ಮೂರೋ ಉಳಿಸಿ. ಎಲೆ ದೊಡ್ಡದಿದ್ದರೆ ಅಡ್ಡಡ್ಡ ಅರ್ಧಕ್ಕೆ ಕತ್ತರಿಸಿ. ನೋಡಲು ಚೆನ್ನಾಗಿರಲ್ಲ, ಆದರೆ ನೀರು ಆರುವುದು ಅರ್ಧಕ್ಕೆ ಇಳಿಯುತ್ತದೆ. ಬೇರು ಬರಿಸುವ ಪುಡಿ ಇದ್ದರೆ ಸ್ವಲ್ಪ ಬೇರೆ ಕಾಗದಕ್ಕೆ ಸುರಿದುಕೊಂಡು ಅದರಲ್ಲಿ ಕಡ್ಡಿಯ ತುದಿ ಅದ್ದಿ, ಡಬ್ಬಿಗೇ ಅದ್ದಿದರೆ ಉಳಿದ ಪುಡಿ ಕೆಡುತ್ತದೆ. ಮೊದಲು ಕೋಲಿನಿಂದ ತೂತು ಮಾಡಿ, ಆಮೇಲೆ ಕಡ್ಡಿ ಇಳಿಸಿ. ಸುಮ್ನೆ ಚುಚ್ಚಿದರೆ ಹಚ್ಚಿದ ಪುಡಿಯೆಲ್ಲ ಉಜ್ಜಿ ಹೋಗುತ್ತದೆ. ಎರಡು ಗಿಣ್ಣಾದರೂ ಒಳಗಿರಲಿ. ಸುತ್ತ ಬೆರಳಿನಿಂದ ಒತ್ತಿ.

ಇನ್ನು ಕಾಯುವ ಕೆಲಸ. ಇಲ್ಲೇ ಬಹಳ ಜನ ಮೋಸ ಹೋಗುವುದು. ನೆಟ್ಟ ಎರಡನೇ ವಾರಕ್ಕೇ ಕಡ್ಡಿಯ ತುದಿಯಲ್ಲಿ ಹಸಿರು ಚಿಗುರು ಕಾಣುತ್ತದೆ. ಬೇರು ಬಂತು ಅಂದುಕೊಂಡು ಕಿತ್ತು ನೋಡುತ್ತೇವೆ. ಆ ಚಿಗುರು ಕಡ್ಡಿಯೊಳಗೆ ಉಳಿದಿದ್ದ ಆಹಾರದಿಂದ ಬಂದದ್ದು, ಕೆಳಗೆ ಬೇರು ಇರಲೇಬೇಕು ಅಂತಿಲ್ಲ. ನೆಟ್ಟು ನಾಲ್ಕು ವಾರ ಆಗುವ ತನಕ ಮುಟ್ಟಬೇಡಿ. ಆಮೇಲೆ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆದು ನೋಡಿ. ಮಣ್ಣು ಕಡ್ಡಿಯನ್ನು ಹಿಡಿದುಕೊಂಡ ಹಾಗೆ ಅನಿಸಿದರೆ ಬೇರು ಬಂದಿದೆ. ಸಲೀಸಾಗಿ ಮೇಲೆ ಬಂದರೆ ಮತ್ತೆ ಒತ್ತಿ ಬಿಟ್ಟುಬಿಡಿ. ಗುಲಾಬಿ, ದಾಸವಾಳಕ್ಕೆ ಎಂಟು ವಾರ ಹಿಡಿದರೂ ಆಶ್ಚರ್ಯವಿಲ್ಲ, ಹಾಗಾದರೆ ಅವು ಮುಂದಿನ ಅದಲುಬದಲಿಗೆ.

ಬೇರೆ ದಾರಿಗಳು

ಕೋಲಿಯಸ್, ಪುದೀನ, ಮನಿ ಪ್ಲಾಂಟ್ ಇವಕ್ಕೆ ಲೋಟ ನೀರು ಸಾಕು. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಮನಿ ಪ್ಲಾಂಟಿನಲ್ಲಿ ಬರೀ ಎಲೆ ಕಿತ್ತು ನೀರಿಗಿಟ್ಟರೆ ಎಲೆ ತಿಂಗಳುಗಟ್ಟಲೆ ಹಸಿರಾಗಿರಬಹುದು, ತೊಟ್ಟಿಗೆ ಬೇರೂ ಬರಬಹುದು. ಆದರೆ ಹೊಸ ಬಳ್ಳಿ ಬರಲ್ಲ. ಬಳ್ಳಿಯ ಗಿಣ್ಣು, ಅಲ್ಲಿರುವ ಕಂದು ಬಣ್ಣದ ಸಣ್ಣ ಮೊಳೆ, ತುಂಡಿನ ಜೊತೆ ಇರಲೇಬೇಕು. ಈ ಬಳ್ಳಿ ಹೂ ಬಿಡುವುದೇ ಬಹಳ ಅಪರೂಪ, ಬೀಜದಿಂದ ಬೆಳೆಸುವ ಮಾತೇ ಇಲ್ಲ. ತುಂಡಿನಿಂದ ತುಂಡು, ಕೈಯಿಂದ ಕೈಗೆ ದಾಟಿಯೇ ಅದು ಇಷ್ಟು ಮನೆಗಳನ್ನು ಸೇರಿದ್ದು. ಇದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ನೀರಿನಲ್ಲಿ ಬಂದ ಬೇರು ಬಹಳ ಸೂಕ್ಷ್ಮ. 3ರಿಂದ 5 ಸೆಂ.ಮೀ. ಆದಕೂಡಲೇ ಮಣ್ಣಿಗೆ ಹಾಕಿ, ಮೊದಲ ವಾರ ಮಣ್ಣು ಒಣಗದಂತೆ ನೋಡಿಕೊಳ್ಳಿ. ಇದನ್ನು ಅದಲುಬದಲಿಗೆ ಮೂರು ವಾರ ಮೊದಲಾದರೂ ಮಾಡಿ ಮುಗಿಸಿ.

ಗುಂಪಾಗಿ ಬೆಳೆಯುವ ಗಿಡಗಳಿಗೆ ಬುಡ ಬಿಡಿಸುವುದೇ ಸುಲಭ. ಕುಂಡದಿಂದ ಗಿಡ ಹೊರತೆಗೆದು, ಮಣ್ಣು ಕೊಡವಿ, ಪ್ರತಿ ಭಾಗಕ್ಕೂ ಬೇರು ಮತ್ತು ಚಿಗುರು ಇರುವ ಹಾಗೆ ಬೇರ್ಪಡಿಸಿ. ಹಳದಿ ಅಂಚಿನ ಸ್ನೇಕ್ ಪ್ಲಾಂಟನ್ನು ಹೀಗೇ ಮಾಡಬೇಕು. ಅದರ ಎಲೆಯನ್ನು ತುಂಡು ಮಾಡಿ ನೆಟ್ಟರೆ ಗಿಡವೇನೋ ಬರುತ್ತದೆ, ಆದರೆ ಹಳದಿ ಅಂಚು ಇರಲ್ಲ, ಬರೀ ಹಸಿರು. ಹಳದಿ ಅಂಚು ಅಂತ ಹೇಳಿ ಕೊಟ್ಟಿದ್ದರೆ ತಗೊಂಡವರಿಗೆ ಬೇಜಾರು, ಅಲ್ವಾ?

ಲೋಳೆಸರ, ಕಳ್ಳಿ ಮತ್ತು ದಪ್ಪ ಎಲೆಯ ಗಿಡಗಳ ಗಾಯ ಒಣಗಲು ಕೆಲವು ದಿನ ಬಿಟ್ಟು ನೆಡಿ. ಹಸಿ ಗಾಯ ಒದ್ದೆ ಮಣ್ಣಿಗೆ ತಾಗಿದರೆ ಕೊಳೆಯುತ್ತದೆ.

ಬೀಜ

ಬೀಜ ಕೊಡುವವರು ಮೊದಲು ಒಂದು ವಿಷಯ ನೋಡಿ. ಆ ಗಿಡ ಎಫ್1 ಹೈಬ್ರಿಡ್ (ಎರಡು ತಳಿ ಬೆರೆಸಿ ಪಡೆದ ಮೊದಲ ಪೀಳಿಗೆ) ಆಗಿದ್ದರೆ ಅದರ ಬೀಜದಿಂದ ಹುಟ್ಟಿದ ಗಿಡ ತಾಯಿಯ ಹಾಗೆ ಇರುವುದಿಲ್ಲ. ಟೊಮೆಟೊ, ಹುರುಳಿಕಾಯಿ ಹೆಚ್ಚಾಗಿ ತಮ್ಮದೇ ಪರಾಗದಿಂದ ಕಾಯಿ ಕಟ್ಟುತ್ತವೆ, ಹಾಗಾಗಿ ನಂಬಿ ಕೊಡಬಹುದು. ಕುಂಬಳ, ಸೋರೆಯ ಜಾತಿಗಳು ಹಾಗಲ್ಲ. ಜೇನು ಒಂದರ ಪರಾಗ ಇನ್ನೊಂದಕ್ಕೆ ತಲುಪಿಸುತ್ತದೆ. ಅಲಂಕಾರಕ್ಕೆ ಬೆಳೆಸುವ ಕಹಿ ಜಾತಿಯ ಜೊತೆ ಬೆರೆತರೆ ಮುಂದಿನ ಪೀಳಿಗೆಯ ಕಾಯಿ ಕಹಿಯಾಗಿ, ತಿಂದವರ ಹೊಟ್ಟೆ ಕೆಡಿಸುವಷ್ಟು ವಿಷವಾಗಬಹುದು. ಹೂವನ್ನು ಕಟ್ಟಿ ಕೈಯಾರೆ ಪರಾಗ ಮುಟ್ಟಿಸಿದ್ದರೆ ಮಾತ್ರ ಈ ಬೀಜ ಕೊಡಿ.

ಟೊಮೆಟೊ ಬೀಜವನ್ನು ಅದರ ಲೋಳೆಯ ಸಮೇತ ಸ್ವಲ್ಪ ನೀರಿನಲ್ಲಿ ಎರಡು ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ತಟ್ಟೆಯ ಮೇಲೆ ಒಣಗಿಸಿ. ಕಾಗದದ ಮೇಲೆ ಒಣಗಿಸಿದರೆ ಅಂಟಿಕೊಳ್ಳುತ್ತದೆ. ಹಳೆಯ ಬೀಜವಾದರೆ ಮೊದಲು ಪರೀಕ್ಷೆ ಮಾಡಿ: ಹತ್ತು ಬೀಜವನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಮಡಚಿ, ಬೆಚ್ಚಗಿನ ಜಾಗದಲ್ಲಿ ಹತ್ತು ದಿನ ಇಡಿ. ಏಳಕ್ಕಿಂತ ಕಡಿಮೆ ಮೊಳೆತರೆ ಪೊಟ್ಟಣದಲ್ಲಿ ಹೆಚ್ಚು ಬೀಜ ಹಾಕಿ, ಮೊಳೆತ ಲೆಕ್ಕವನ್ನು ಮೇಲೆ ಬರೆದು ಕೊಡಿ.

ಮೂರನೇ ವಾರ: ಹುಳ, ರೋಗದ ತಪಾಸಣೆ

ಇದನ್ನು ನಾನು ಅವಸರದಲ್ಲಿ ಮಾಡುವುದಿಲ್ಲ. ಕೊಡಬೇಕಾದ ಗಿಡಗಳನ್ನೆಲ್ಲ ಬೇರೆ ಗಿಡಗಳಿಂದ ದೂರ ಒಂದೇ ಕಡೆ ಇಟ್ಟು, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತೇನೆ. ಒಂದು ಗಿಡಕ್ಕೆ ಎರಡು ನಿಮಿಷ ಬೇಕು.

ಮೊದಲು ಎಲೆಯ ಅಡಿಭಾಗ. ಅದರ ಕೆಳಗೆ ಬಿಳಿ ಕಾಗದ ಹಿಡಿದು ಎಲೆಯನ್ನು ತಟ್ಟಿ. ಧೂಳಿನಂತಹ ಚುಕ್ಕೆ ಬಿದ್ದು, ಸ್ವಲ್ಪ ಹೊತ್ತಿನಲ್ಲಿ ನಡೆದಾಡಲು ಶುರುವಾದರೆ ಅದು ಕೆಂಪು ನುಸಿ. ಆಮೇಲೆ ಎಲೆ ಕಾಂಡಕ್ಕೆ ಸೇರುವ ಸಂದಿ. ಹಿಟ್ಟು ತಿಗಣೆ ಅಡಗುವುದು ಅಲ್ಲೇ. ಕಾಂಡದ ಮೇಲೆ ಕಂದು ಬಣ್ಣದ ಸಣ್ಣ ಉಬ್ಬು ಕಂಡರೆ ಉಗುರಿನಿಂದ ಕೆರೆಯಿರಿ. ಕಿತ್ತು ಬಂದರೆ ಅದು ಶಲ್ಕ ಕೀಟ, ಬರದಿದ್ದರೆ ತೊಗಟೆಯ ಗುರುತು. ಎಲೆ ಅಂಟಂಟಾಗಿದ್ದರೆ ಅಥವಾ ಇರುವೆ ಸಾಲುಗಟ್ಟಿ ಹತ್ತುತ್ತಿದ್ದರೆ ಮೇಲೆಲ್ಲೋ ರಸ ಹೀರುವ ಹುಳ ಇದೆ ಅಂತ ತಿಳಿಯಿರಿ.

ಕೊನೆಗೆ ಬೇರು. ಗಿಡವನ್ನು ಮೆಲ್ಲಗೆ ಕುಂಡದಿಂದ ಹೊರತೆಗೆಯಿರಿ. ಬಿಳಿ ಬೇರು ಒಳ್ಳೆಯದು. ಕಂದಾಗಿ ಮೆತ್ತಗಾಗಿದ್ದರೆ ಕೊಳೆತಿದೆ. ಬೇರಿನಲ್ಲೇ ಗಂಟು ಗಂಟು ಇದ್ದರೆ ಅದು ಮಣ್ಣಿನಲ್ಲಿರುವ ಸೂಕ್ಷ್ಮ ಜಂತುಹುಳುವಿನ (ನೆಮಟೋಡ್) ಕೆಲಸ. ಹುರುಳಿಕಾಯಿಯಂತಹ ಗಿಡದಲ್ಲಿ ಒಳ್ಳೆಯ ಗಂಟುಗಳೂ ಇರುತ್ತವೆ. ಅವು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ಬೆರಳು ತಾಗಿಸಿದರೆ ಉದುರುತ್ತವೆ. ಜಂತುಹುಳುವಿನ ಗಂಟು ಬೇರೇ ಊದಿಕೊಂಡದ್ದು, ಉದುರುವುದಿಲ್ಲ. ಅಂಥ ಗಿಡ ಯಾರಿಗೂ ಬೇಡ, ಕಾಂಪೋಸ್ಟಿಗೂ ಬೇಡ.

ಹಿಟ್ಟು ತಿಗಣೆಗೆ 70 ಪರ್ಸೆಂಟ್ ರಬ್ಬಿಂಗ್ ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ ಒಂದೊಂದನ್ನೇ ಒರೆಸಿ. ನುಸಿ, ಗಿಡಹೇನಿಗೆ ಒಂದು ಲೀಟರ್ ನೀರಿಗೆ ಒಂದು ಚಮಚ ಮೆದು ದ್ರವ ಸೋಪು ಬೆರೆಸಿ, ಎಲೆಯ ಅಡಿಗೆ ಚೆನ್ನಾಗಿ ತಾಗುವ ಹಾಗೆ ಸಂಜೆ ಹೊತ್ತು ಸಿಂಪಡಿಸಿ. ಯಾವುದೇ ಆಗಲಿ ಮೊದಲು ಒಂದು ಎಲೆಗೆ ಹಾಕಿ ಮರುದಿನ ನೋಡಿ. ವಾರಕ್ಕೊಮ್ಮೆ ಎಂಬಂತೆ ಮೂರು ಸಲ ಮಾಡಬೇಕು, ಮೊಟ್ಟೆಗಳು ಮೊದಲ ಸಲಕ್ಕೆ ಸಾಯುವುದಿಲ್ಲ. ಮೂರು ವಾರ ಇಟ್ಟುಕೊಂಡಿದ್ದು ಇದಕ್ಕೇ. ಮೂರನೇ ಸಲವೂ ಹುಳ ಕಂಡರೆ ಆ ಗಿಡ ಮನೆಯಲ್ಲೇ ಉಳಿಯಲಿ.

ಎಲೆಯ ಮೇಲೆ ತಿಳಿ ಹಸಿರು, ಕಡು ಹಸಿರು ಮಚ್ಚೆ ಬಂದು, ಎಲೆ ಮುರುಟಿಕೊಂಡಿದ್ದರೆ ವೈರಸ್ ಇರಬಹುದು. ಅದಕ್ಕೆ ಸಿಂಪಡಣೆ ಇಲ್ಲ. ತಂಬಾಕಿನ ಮೊಸಾಯಿಕ್ ವೈರಸ್ ಕತ್ತರಿಯಲ್ಲಿ, ಕೈಯಲ್ಲಿ ಅಂಟಿಕೊಂಡು ಟೊಮೆಟೊ, ಮೆಣಸಿನ ಗಿಡಗಳಿಗೆ ದಾಟುತ್ತದೆ. ಹೀಗಾಗಿ ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಕತ್ತರಿ ತೊಳೆಯುವ ಅಭ್ಯಾಸ ಇರಲಿ.

ಮಣ್ಣನ್ನೂ ಮರೆಯಬೇಡಿ. ಆಫ್ರಿಕಾದ ದೈತ್ಯ ಬಸವನಹುಳು ಒಂದೇ ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆಯನ್ನು ಮಣ್ಣಿನಲ್ಲಿ ಇಡುತ್ತದೆ. ಹಿತ್ತಲಿನ ಮಣ್ಣಿನ ಸಮೇತ ಅಗೆದ ಗಿಡದಲ್ಲಿ ಆ ಮೊಟ್ಟೆಯೂ ಹೋಗಬಹುದು. ನೆಲದಿಂದ ಅಗೆದ ಗಿಡವಾದರೆ ಬೇರನ್ನು ನೀರಿನಲ್ಲಿ ತೊಳೆದು ಹೊಸ ಮಿಶ್ರಣಕ್ಕೆ ಹಾಕಿ.

ಎರಡನೇ ವಾರ: ಹೊರಗಿನ ಗಾಳಿಗೆ ಒಗ್ಗಿಸಿ, ಚೀಟಿ ಬರೆಯಿರಿ

ಪೆಟ್ಟಿಗೆಯೊಳಗೆ ಬೆಳೆದ ಗಿಡ ನೇರ ಹೊರಗೆ ಬಂದರೆ ಅರ್ಧ ದಿನದಲ್ಲಿ ಬಾಡುತ್ತದೆ. ಮೊದಲ ದಿನ ಒಂದು ಗಂಟೆ ಮುಚ್ಚಳ ತೆಗೆಯಿರಿ, ಮರುದಿನ ಎರಡು ಗಂಟೆ, ಹೀಗೆ ಹೆಚ್ಚಿಸುತ್ತಾ ಹತ್ತು ದಿನದಲ್ಲಿ ಪೂರ್ತಿ ಹೊರಗೆ ತನ್ನಿ.

ಚೀಟಿಗೆ ಹಳೆಯ ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿದ ಪಟ್ಟಿ ಸಾಕು. ಪೆನ್ಸಿಲಿನಲ್ಲಿ ಬರೆಯಿರಿ. ಮಾರ್ಕರ್ ಶಾಯಿ ಬಿಸಿಲಿಗೆ ಮಾಸುತ್ತದೆ, ಪೆನ್ಸಿಲ್ ವರ್ಷಗಟ್ಟಲೆ ಉಳಿಯುತ್ತದೆ. ನುಣುಪಿನ ಪ್ಲಾಸ್ಟಿಕ್ಕಾದರೆ ಮೊದಲು ಮರಳು ಕಾಗದದಿಂದ ಒಮ್ಮೆ ಉಜ್ಜಿ. ಗಿಡದ ಹೆಸರು, ಹೂವಿನ ಬಣ್ಣ, ಬಿಸಿಲೋ ನೆರಳೋ, ನೀರು ಎಷ್ಟು, ಎಷ್ಟು ಎತ್ತರ ಬೆಳೆಯುತ್ತದೆ, ಕಡ್ಡಿ ನೆಟ್ಟ ತಾರೀಕು ಬರೆಯಿರಿ. ಸಾಧ್ಯವಾದರೆ ವೈಜ್ಞಾನಿಕ ಹೆಸರೂ ಇರಲಿ. ಒಂದೇ ಗಿಡಕ್ಕೆ ಹತ್ತು ಕಡೆ ಹತ್ತು ಹೆಸರು. ಹೆಸರು ಖಚಿತವಿಲ್ಲದಿದ್ದರೆ ‘ಹೆಸರು ಗೊತ್ತಿಲ್ಲ, ನೇರಳೆ ಹೂ’ ಅಂತಲೇ ಬರೆಯಿರಿ, ಊಹಿಸಿದ ಹೆಸರು ಬೇಡ.

ವಿಷದ ಗಿಡವಾದರೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕಣಗಿಲೆಯ ಎಲ್ಲಾ ಭಾಗವೂ ವಿಷ. ಡಿಫೆನ್‌ಬೇಕಿಯಾ ಎಲೆ ಜಗಿದರೆ ಬಾಯಿ, ನಾಲಗೆ ಊದುತ್ತದೆ. ಲಿಲ್ಲಿ ತಿಂದ ಬೆಕ್ಕಿನ ಮೂತ್ರಪಿಂಡವೇ ಕೆಡುತ್ತದೆ, ಪರಾಗ ನೆಕ್ಕಿದರೂ ಸಾಕು. ತಗೊಳ್ಳುವವರ ಮನೆಯಲ್ಲಿ ಪುಟ್ಟ ಮಗು ಇದೆಯೋ, ಬೆಕ್ಕು ಇದೆಯೋ ನಮಗೇನು ಗೊತ್ತು?

ನಿಮ್ಮ ಹಿತ್ತಲಿನ ಕೆಲಸವನ್ನೂ ಹಂಚಿಕೊಳ್ಳಿ

ಗಿಡದ ಜೊತೆ ಜನ ಕೇಳಲು ಕಾಯುವುದು ನೀವು ಹಿತ್ತಲಲ್ಲಿ ಏನು ಮಾಡಿದ್ದೀರಿ ಅನ್ನುವುದನ್ನು. ಮೂರು ನಾಲ್ಕು ಫೋಟೋ ಮತ್ತು ಅಳತೆ ಬರೆದ ಒಂದು ಹಾಳೆ ಒಯ್ಯಿರಿ. ಮುಗಿದ ಮೇಲಿನ ಚೆಂದದ ಫೋಟೋ ಒಂದೇ ಸಾಲದು. ಮೊದಲು ಹೇಗಿತ್ತು, ನಡುವೆ ಏನು ಕೆಟ್ಟಿತು ಅನ್ನುವುದರಿಂದಲೇ ಇನ್ನೊಬ್ಬರಿಗೆ ಉಪಯೋಗ. ಕಾಂಪೋಸ್ಟ್ ಗೂಡಿನ ಬಗ್ಗೆ ಹೇಳುವಾಗ ‘ಚೆನ್ನಾಗಿ ಬಂತು’ ಅನ್ನುವ ಬದಲು ಒಂದು ಪಾಲು ಹಸಿ ಕಸಕ್ಕೆ ಎರಡು ಮೂರು ಪಾಲು ಒಣ ಎಲೆ ಹಾಕಿದೆ, ರಾಶಿ ಉದ್ದ ಅಗಲ ಎತ್ತರ ಒಂದೊಂದು ಮೀಟರ್ ಆದ ಮೇಲೆಯೇ ಒಳಗೆ ಬಿಸಿ ಏರಿತು, ಒಣ ಎಲೆ ಕಡಿಮೆಯಾದ ವಾರ ವಾಸನೆ ಬಂತು ಅಂತ ಹೇಳಿ. ಕೇಳಿದವರು ಮನೆಗೆ ಹೋಗಿ ಅದನ್ನೇ ಮಾಡಬಹುದು.

ಹಿಂದಿನ ದಿನ ಮತ್ತು ಆ ದಿನ

ಹಿಂದಿನ ದಿನ ಸಂಜೆ ನೀರು ಹಾಕಿ. ಬೆಳಗ್ಗೆ ಹಾಕಿದರೆ ದಾರಿಯಲ್ಲಿ ಸೋರುತ್ತದೆ, ಕುಂಡವೂ ಭಾರ. ಅಂಚು ಎತ್ತರದ ಟ್ರೇ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ಸಂದಿಗೆ ಹಳೆಯ ಕಾಗದ ತುರುಕಿ. ಮುಚ್ಚಿದ ಕಾರಿನಲ್ಲಿ ಬಿಸಿಲಿಗೆ ಬಿಟ್ಟು ಹೋಗಬೇಡಿ, ಎಂಟು ವಾರದ ಕೆಲಸ ಅರ್ಧ ಗಂಟೆಯಲ್ಲಿ ಬಾಡಿಹೋಗುತ್ತದೆ.

ಅಲ್ಲಿ ಗಿಡ ಆರಿಸುವಾಗ ಹೂ ನೋಡಿ ಮರುಳಾಗದೆ ಎಲೆಯ ಅಡಿ ತಿರುಗಿಸಿ ನೋಡಿ. ಕೊಡುವವರನ್ನು ಕೇಳಿ: ನಿಮ್ಮಲ್ಲಿ ಎಷ್ಟು ಹೊತ್ತು ಬಿಸಿಲು ಬೀಳುತ್ತಿತ್ತು? ಎಷ್ಟು ದಿನಕ್ಕೆ ನೀರು? ಉತ್ತರವನ್ನು ಅಲ್ಲೇ ಬರೆದುಕೊಳ್ಳಿ. ಏನೂ ತರದೆ ಬಂದ ಹೊಸಬರು ಇದ್ದರೆ ಒಂದು ಗಿಡ ಕೊಟ್ಟು ಕಳಿಸಿ.

ಮನೆಗೆ ಬಂದ ಗಿಡ

ಹೊಸ ಗಿಡವನ್ನು ಹಿತ್ತಲಿಗೆ ನೇರ ಒಯ್ಯಬೇಡಿ. ಬೇರೆ ಗಿಡಗಳಿಂದ ದೂರ, ಬೆಳಕಿರುವ ನೆರಳಿನಲ್ಲಿ ಮೂರು ವಾರ ಇಡಿ. ನೀರು ಹಾಕುವಾಗ ಅದನ್ನು ಕೊನೆಗೆ ಮುಟ್ಟಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ನಾಲ್ಕು ದಿನಕ್ಕೊಮ್ಮೆ ಬಿಳಿ ಕಾಗದದ ಪರೀಕ್ಷೆ ಮಾಡಿ. ಮೊದಲ ವಾರ ಒಂದೆರಡು ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ, ಜಾಗ ಬದಲಾದಾಗ ಹಾಗಾಗುತ್ತದೆ. ಗೊಬ್ಬರ ಹಾಕಬೇಡಿ, ಕೂಡಲೇ ಕುಂಡ ಬದಲಿಸಬೇಡಿ.

ಮೂರು ವಾರ ಕಳೆದು ಹೊಸ ಎಲೆ ಬಿಚ್ಚಿಕೊಂಡ ದಿನ ಒಂದು ಫೋಟೋ ತೆಗೆದು ಗಿಡ ಕೊಟ್ಟವರಿಗೆ ಕಳಿಸಿ.